ಹದಿನೆಂಟರ ಹರೆಯದ 'ಹಿರಿಯರು'



ನಮ್ಮ ಬೆಲ್ಲದ ಬಾಗೇವಾಡಿ, ಹುಕ್ಕೇರಿ, ಸಂಕೇಶ್ವರದ ಕಡೆ ಮನೆಗೆ ಬಂದವರನ್ನು ಚಹಾ ಇಲ್ಲದೆ ಕಳಿಸುವ ರೂಢಿಯಿಲ್ಲ. ಬಿಸಿಲಿನಲ್ಲಿ ಬಂದವರಾದರೆ ಮೊದಲು ಒಂದು ತಂಬಿಗೆ ನೀರು, ಜತೆಗೊಂದು ಬೆಲ್ಲದ ಚೂರು, ಅನಂತರ ಚಹಾ. 'ಬ್ಯಾಡ್ರಿ, ಈಗಷ್ಟ ಆಗೇತ್ರಿ' ಎಂದರೆ ಮನೆಯಾಕೆ ಒಪ್ಪುವುದಿಲ್ಲ. 'ಒಂದ್ ಗುಟುಕರ ತಗೋರಿ' ಎಂದು ಕಪ್ಪನ್ನು ಮುಂದಿಡುತ್ತಾಳೆ. ಅದನ್ನು ಮುಟ್ಟದೆ ಎದ್ದು ಹೋದವರ ಬಗ್ಗೆ ಓಣಿಯಲ್ಲಿ ನಾಲ್ಕು ದಿನ ಮಾತು ನಡೆಯುತ್ತದೆ. ಇಂಥ ಮನೆಯ ಪಡಸಾಲೆಯಲ್ಲಿ ಬಿಳಿಯ ಅಂಗಿ ತೊಟ್ಟು, ಟೈ ಕಟ್ಟಿ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಧರಿಸಿದ ಇಬ್ಬರು ಹುಡುಗರು ಕುಳಿತಿದ್ದಾರೆಂದು ಒಂದು ಗಳಿಗೆ ಕಲ್ಪಿಸಿಕೊಳ್ಳಿ. ನೀರು ಕುಡಿದರು, ಬೆಲ್ಲ ತಿಂದರು, ಚಹಾ ಮಾತ್ರ ಬೇಡವೆಂದರು. ಒತ್ತಾಯಕ್ಕೂ ಜಗ್ಗಲಿಲ್ಲ. ಇದು ಸೊಕ್ಕಲ್ಲ, ವ್ರತ. ಇವರ ಪಂಥದ ಸ್ಥಾಪಕ 1833ರಲ್ಲಿ ಹಾಕಿಕೊಟ್ಟ ಆಹಾರ ನಿಯಮದಂತೆ ಮದ್ಯ, ತಂಬಾಕು ಇವುಗಳ ಜತೆಗೆ ಚಹಾ ಮತ್ತು ಕಾಫಿ ಕೂಡ ನಿಷಿದ್ಧ. ಮಾರ್ಮನ್ನರೆಂದು ಲೋಕ ಕರೆಯುವ ಕ್ರೈಸ್ತ ಪಂಥವೊಂದರ ತರುಣ ಪ್ರಚಾರಕರು ಇವರು. ಇವರ ದಿನಚರಿ ಹೇಗಿರುತ್ತದೆ, ಇವರನ್ನು ನಡೆಸುವ ನಂಬಿಕೆ ಎಂಥದು, ಅದಕ್ಕೆ ಅವರು ಏನನ್ನು ತೆರುತ್ತಾರೆ ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ನಾನು ಆ ಪಂಥದವನಲ್ಲ, ಕ್ರೈಸ್ತನೂ ಅಲ್ಲ. ಆದರೆ ಮನೆ ಬಿಟ್ಟು ಮನೆ ಮನೆಗೆ ಹೋಗುವವರನ್ನು ಬಲ್ಲ ನಾಡಿನವನು. ಜೋಳಿಗೆ ಹಾಕಿಕೊಂಡು ಕಂತಿಭಿಕ್ಷೆಗೆ ಬರುವ ಮಠದ ಮರಿಗಳನ್ನು ನೋಡುತ್ತಲೇ ನಮ್ಮ ಪೀಳಿಗೆ ಬೆಳೆಯಿತು. ಆದ್ದರಿಂದ ಈ ವಿಷಯ ನಮಗೆ ತೀರ ಪರಕೀಯವೇನಲ್ಲ.

ಮೊದಲು ಪಂಥದ ಪರಿಚಯವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಜೋಸೆಫ್ ಸ್ಮಿತ್ ಎಂಬಾತ ಅಮೆರಿಕದ ನ್ಯೂಯಾರ್ಕ್ ಪ್ರಾಂತದಲ್ಲಿ 1830ರಲ್ಲಿ ಇದನ್ನು ಸ್ಥಾಪಿಸಿದ. ಬೈಬಲ್ಲಿನ ಜತೆಗೆ ಅದೇ ವರ್ಷ ಅಚ್ಚಾದ 'ಮಾರ್ಮನ್ ಗ್ರಂಥ'ವೂ ಇವರಿಗೆ ಪವಿತ್ರ. ಜನ ಅವರನ್ನು ಆ ಗ್ರಂಥದ ಹೆಸರಿನಿಂದಲೇ ಕರೆದರು. ಅಡ್ಡಹೆಸರು ಬೇಡ, ಯೇಸು ಕ್ರಿಸ್ತನ ಹೆಸರುಳ್ಳ ಪೂರ್ಣ ನಾಮವನ್ನೇ ಬಳಸಿರೆಂದು ಪಂಥದ ಮುಖ್ಯರು 2018ರಲ್ಲಿ ಕೇಳಿಕೊಂಡರು. ತಿಳಿಯಲು ಸುಲಭವೆಂದು ನಾನು ಇಲ್ಲಿ ಹಳೆಯ ಹೆಸರನ್ನೇ ಬಳಸುತ್ತಿದ್ದೇನೆ. 1844ರಲ್ಲಿ ಇಲಿನಾಯ್ ಪ್ರಾಂತದ ಸೆರೆಮನೆಯೊಂದರಲ್ಲಿ ದೊಂಬಿಯ ಗುಂಪು ಸ್ಮಿತ್‌ನನ್ನು ಗುಂಡಿಟ್ಟು ಕೊಂದಿತು. ಅನುಯಾಯಿಗಳು ಬ್ರಿಗಮ್ ಯಂಗ್ ಎಂಬ ನಾಯಕನ ಹಿಂದೆ ಪಶ್ಚಿಮಕ್ಕೆ ವಲಸೆ ಹೊರಟು 1847ರಲ್ಲಿ ಸಾಲ್ಟ್ ಲೇಕ್ ಕಣಿವೆಯಲ್ಲಿ ನೆಲೆಸಿದರು. 2023ರ ಕೊನೆಗೆ ಅವರ ಸಂಖ್ಯೆ 1 ಕೋಟಿ 70 ಲಕ್ಷವನ್ನು ದಾಟಿತ್ತು. ಪೂರ್ಣಾವಧಿ ಪ್ರಚಾರಕರೇ 67 ಸಾವಿರಕ್ಕೂ ಹೆಚ್ಚು. ಕರ್ನಾಟಕಕ್ಕೂ ಇವರಿಗೂ ನೇರ ನಂಟಿದೆ. ಭಾರತಕ್ಕಾಗಿ ಪ್ರತ್ಯೇಕವಾದ ಪ್ರಚಾರ ಕೇಂದ್ರವನ್ನು ಅವರು 1993ರಲ್ಲಿ ಬೆಂಗಳೂರಿನಲ್ಲೇ ತೆರೆದರು. ಅಲ್ಲಿ ಮಂದಿರವೊಂದನ್ನು ಕಟ್ಟುವುದಾಗಿ 2018ರಲ್ಲಿ ಸಾರಿ, 2020ರ ಡಿಸೆಂಬರಿನಲ್ಲಿ ಭೂಮಿಪೂಜೆಗೆ ಸಮಾನವಾದ ವಿಧಿಯನ್ನು ನಡೆಸಿದರು.

ಹುಡುಗರು 18 ತುಂಬಿದ ಮೇಲೆ ಈ ಸೇವೆಗೆ ಹೊರಡಬಹುದು; ಹುಡುಗಿಯರಿಗೆ 2025ರ ತನಕ 19 ತುಂಬಿರಬೇಕಿತ್ತು. 2012ರ ತನಕ ಈ ವಯಸ್ಸು 19 ಮತ್ತು 21 ಇತ್ತು. ಹುಡುಗರದು ಎರಡು ವರ್ಷದ ಸೇವೆ, ಹುಡುಗಿಯರದು ಒಂದೂವರೆ ವರ್ಷ. ಎಲ್ಲಿಗೆ ಹೋಗಬೇಕೆಂಬುದನ್ನು ಅವರು ಆರಿಸಿಕೊಳ್ಳುವಂತಿಲ್ಲ. ಅರ್ಜಿ ಹೋಗುತ್ತದೆ, ಆದೇಶ ಬರುತ್ತದೆ. ಅಮೆರಿಕದ ಹುಡುಗ ಬ್ರೆಜಿಲ್ಲಿಗೆ ಹೋಗಬಹುದು, ಆಂಧ್ರದ ಹುಡುಗ ಬೆಂಗಳೂರಿಗೆ ಬರಬಹುದು. ಸಂಬಳವಿಲ್ಲ, ಬದಲಿಗೆ ಮನೆಯವರೇ ಹಣ ಕಟ್ಟಬೇಕು. ಅಮೆರಿಕದ ಕುಟುಂಬಗಳಿಗೆ 2020ರ ಜುಲೈಯಲ್ಲಿ ಇದನ್ನು ತಿಂಗಳಿಗೆ 500 ಡಾಲರಿಗೆ ಏರಿಸಲಾಯಿತು. ಅಷ್ಟು ಶಕ್ತಿಯಿಲ್ಲದ ನಾಡುಗಳ ತರುಣರಿಗೆ ಪಂಥದ ನಿಧಿಯಿಂದ ನೆರವು ದೊರೆಯುತ್ತದೆ. ಮಗನನ್ನೂ ಕೊಟ್ಟು ಖರ್ಚನ್ನೂ ಕೊಡುವುದೆಂದರೆ ನಮ್ಮ ಕಡೆಯ ಯಾವ ರೈತನಾದರೂ ಎರಡು ಸಲ ಯೋಚಿಸಿಯಾನು, ಅಲ್ಲವೇ?

ಇನ್ನು ದಿನಚರಿಯ ವಿಷಯ. ಬೆಳಗಿನ ಆರೂವರೆಗೆ ಏಳಬೇಕು. ಎದ್ದೊಡನೆ ಪ್ರಾರ್ಥನೆ, ಅರ್ಧ ಗಂಟೆ ಅಂಗಸಾಧನೆ, ಸ್ನಾನ, ಉಪಾಹಾರ. ಅನಂತರ ಒಂದು ತಾಸು ಏಕಾಂತ ಅಧ್ಯಯನ, ಬಳಿಕ ಜತೆಗಾರನೊಂದಿಗೆ ಕೂಡಿ ಅಧ್ಯಯನ. ಹೊಸ ಭಾಷೆಯ ಸೀಮೆಗೆ ಬಂದವನಾದರೆ ಭಾಷಾಭ್ಯಾಸ ಬೇರೆ. ಹತ್ತು ಗಂಟೆಯ ಸುಮಾರಿಗೆ ಮನೆ ಬಿಟ್ಟರೆ ಮರಳುವುದು ರಾತ್ರಿ ಒಂಬತ್ತಕ್ಕೆ. ಮರುದಿನದ ಯೋಜನೆಯನ್ನು ಬರೆದಿಟ್ಟು ಹತ್ತೂವರೆಗೆ ದೀಪ ಆರಿಸಬೇಕು. 2017ರವರೆಗೆ ಜಗತ್ತಿನಾದ್ಯಂತ ಇದೇ ಒಂದು ವೇಳಾಪಟ್ಟಿ ಇತ್ತು. ಊಟ, ನಿದ್ದೆಯ ವೇಳೆ ನಾಡಿನಿಂದ ನಾಡಿಗೆ ಬೇರೆಯೆಂಬುದನ್ನು ಒಪ್ಪಿ ಆ ವರ್ಷ ಸ್ವಲ್ಪ ಸಡಿಲಿಸಿದರು. ಸಿನಿಮಾ ಇಲ್ಲ, ಟೆಲಿವಿಷನ್ ಇಲ್ಲ. (ನಮ್ಮ ಈ ಮಾತನ್ನೂ ಅವರು ನೋಡುವಂತಿಲ್ಲ!) ಪ್ರೇಮದ ಮಾತಂತೂ ಇಲ್ಲವೇ ಇಲ್ಲ. ವಾರಕ್ಕೊಂದು ದಿನ ಬಿಡುವು, ಸಾಮಾನ್ಯವಾಗಿ ಸೋಮವಾರ. ಬಟ್ಟೆ ಒಗೆಯುವುದು, ಸಂತೆ ಮಾಡುವುದು, ಮನೆಗೆ ಬರೆಯುವುದು ಎಲ್ಲ ಆ ದಿನವೇ. ತಿಂಗಳ ಮೊದಲ ಭಾನುವಾರ ಎರಡು ಹೊತ್ತಿನ ಊಟ ಬಿಟ್ಟು, ಉಳಿದ ಹಣವನ್ನು ಬಡವರಿಗಾಗಿ ಕೊಡುವುದು ಪಂಥದ ಎಲ್ಲರಿಗೂ ಇರುವ ಕ್ರಮ. ಶ್ರಾವಣ ಸೋಮವಾರ ಹಿಡಿಯುವ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಉಳಿಸಿದ ತುತ್ತಿನ ಲೆಕ್ಕ ಹಿಡಿದು ದಾನ ಮಾಡುವ ಪರಿಪಾಟ ನಮ್ಮಲ್ಲಿ ಕಡಿಮೆ.

ಈ ಹುಡುಗರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಮನೆತನದ ಹೆಸರಿನ ಹಿಂದೆ 'ಎಲ್ಡರ್' ಎಂದು ಸೇರಿಸುತ್ತಾರೆ, ಅಂದರೆ ಹಿರಿಯ. ಹುಡುಗಿಯಾದರೆ 'ಸಿಸ್ಟರ್'. ಮೀಸೆ ಮೂಡುವ ವಯಸ್ಸಿನವನಿಗೆ ಹಿರಿಯನೆಂಬ ಬಿರುದು ಕೇಳಿ ನಗು ಬರಬಹುದು. ಆದರೆ ನಮ್ಮಲ್ಲಿ ಹತ್ತು ವರ್ಷದ ಮರಿಗೆ ಕಾವಿ ಉಡಿಸಿ ಎಂಬತ್ತರ ಮುದುಕ 'ಅಜ್ಜಾರ' ಎಂದು ಕಾಲಿಗೆರಗುವುದಿಲ್ಲವೇ? ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ್ದು ಇಂಥ ವಟುಗಳಿಗೆ ಶಿಸ್ತು, ಶಾಸ್ತ್ರ, ಸಂಗೀತ ಕಲಿಸಿ ಮಠಗಳಿಗೆ ಕಳಿಸಬೇಕೆಂದು. ಆ ಬಿರುದು ಹೊರಿಸುವ ಭಾರ ಎರಡೂ ಕಡೆ ಒಂದೇ. ಹುಡುಗ ತನ್ನ ವಯಸ್ಸನ್ನು ಅಂಗಿಯ ಒಳಗೆ ಮುಚ್ಚಿಟ್ಟುಕೊಂಡು ಜನರ ಮುಂದೆ ಕುಳಿತುಕೊಳ್ಳಬೇಕು. ವ್ಯತ್ಯಾಸವೂ ದೊಡ್ಡದು. ನಮ್ಮ ಮರಿ ಜೀವಮಾನಕ್ಕೆ ಮಠದವನು. ಮಾರ್ಮನ್ ಹುಡುಗ ಎರಡು ವರ್ಷಕ್ಕೆ ಮಾತ್ರ. ಆಮೇಲೆ ಅವನು ಕಾಲೇಜಿಗೆ ಹೋಗುತ್ತಾನೆ, ಮದುವೆಯಾಗುತ್ತಾನೆ, ನೌಕರಿ ಹಿಡಿಯುತ್ತಾನೆ. ಅವರ ಊರ ಸಭೆಗಳನ್ನು ನಡೆಸುವವರೂ ಸಂಬಳದ ಪಾದ್ರಿಗಳಲ್ಲ. ವಾರವೆಲ್ಲ ಅಂಗಡಿಯನ್ನೋ ಕಚೇರಿಯನ್ನೋ ನೋಡಿಕೊಂಡು ಭಾನುವಾರ ಸಭೆ ನಡೆಸುವ ಗೃಹಸ್ಥರು.

ಎಲ್ಲ ನಿಯಮಗಳಿಗಿಂತ ಕಠಿಣವಾದದ್ದು ಜತೆಗಾರನ ನಿಯಮವೆಂದು ನನಗೆ ತೋರುತ್ತದೆ. ಪ್ರಚಾರಕರು ಯಾವಾಗಲೂ ಇಬ್ಬಿಬ್ಬರು. ಒಬ್ಬರ ಕಣ್ಣಳತೆಯಲ್ಲಿ ಇನ್ನೊಬ್ಬರು ಇರಲೇಬೇಕು. ಜತೆಗಾರನನ್ನು ಆರಿಸುವವನು ಕೇಂದ್ರದ ಅಧ್ಯಕ್ಷ. ಸಾಮಾನ್ಯವಾಗಿ ಆರು ವಾರಕ್ಕೊಮ್ಮೆ ಬದಲಾವಣೆಯ ಆದೇಶ ಬರುತ್ತದೆ. ಜೋಡಿ ಮುಂದುವರಿದರೂ ಮುಂದುವರಿದೀತು, ಮುರಿದರೂ ಮುರಿದೀತು. ನೆನೆಸಿಕೊಳ್ಳಿ: ಒಬ್ಬನದು ಹೈದರಾಬಾದು, ಇನ್ನೊಬ್ಬನದು ಚೆನ್ನೈ. ಒಬ್ಬನಿಗೆ ಮೌನ ಇಷ್ಟ, ಇನ್ನೊಬ್ಬನಿಗೆ ಬಾಯಿ ಮುಚ್ಚಿದರೆ ಉಸಿರು ಕಟ್ಟುತ್ತದೆ. ಸಾರಿಗೆ ಎಷ್ಟು ಹುಳಿ, ಫ್ಯಾನ್ ಎಷ್ಟು ವೇಗ ಎಂಬುದರಿಂದ ಹಿಡಿದು ಪ್ರಾರ್ಥನೆ ಯಾರು ಮಾಡಬೇಕು ಎಂಬುದರವರೆಗೆ ಜಗಳಕ್ಕೆ ಕಾರಣ ಸಿಗುತ್ತದೆ. ಸಿಟ್ಟು ಬಂದಾಗ ಒಬ್ಬನೇ ಎದ್ದು ಹೊಲದ ಕಡೆ ಹೋಗಿ ಬರುತ್ತೇನೆ ಎನ್ನುವಂತಿಲ್ಲ. ಅಳಬೇಕೆಂದರೂ ಕೋಣೆಯಲ್ಲಿ ಇನ್ನೊಬ್ಬ ಇರುತ್ತಾನೆ. ಈ ನಿಯಮದ ಹಿಂದೆ ಕಾವಲಿನ ಉದ್ದೇಶವೂ ಇದೆ, ಆಸರೆಯ ಉದ್ದೇಶವೂ ಇದೆ. ಇದನ್ನು ನಿಭಾಯಿಸಿದ ಹುಡುಗ ಗ್ರಂಥಗಳಲ್ಲಿ ಓದಿದ ಕ್ಷಮೆ, ಸಹನೆಗಳನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ. ಒಗೆದ ಬಟ್ಟೆ ಹರವುವ ಹಗ್ಗದ ಹತ್ತಿರವೇ ಅವು ಪರೀಕ್ಷೆಗೆ ಬರುತ್ತವೆ.

ಇನ್ನೊಂದು ಪರೀಕ್ಷೆ ಮನೆಯ ನೆನಪು. ಬಹುಕಾಲ ಈ ತರುಣರು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್ಸಿಗೆ ಮತ್ತು ತಾಯಂದಿರ ದಿನಕ್ಕೆ, ಮನೆಯವರ ದನಿ ಕೇಳಬಹುದಾಗಿತ್ತು. ಉಳಿದಂತೆ ವಾರಕ್ಕೊಂದು ಪತ್ರ, ಆಮೇಲೆ ಮಿಂಚಂಚೆ. 2019ರ ಫೆಬ್ರವರಿಯಲ್ಲಿ ಈ ಕಟ್ಟನ್ನು ತೆಗೆದು ವಾರಕ್ಕೊಮ್ಮೆ ಫೋನು ಮಾಡಲು ಒಪ್ಪಿಗೆ ಕೊಟ್ಟರು. ಹಳಬರು ಕೆಲವರು ಗೊಣಗಿರಬಹುದು. ನನಗಂತೂ ಇದು ಸರಿಯಾಗಿ ಕಾಣುತ್ತದೆ. ತಾಯಿಯ ದನಿ ಕೇಳಿದ ಮಾತ್ರಕ್ಕೆ ಕರಗಿಹೋಗುವ ನಂಬಿಕೆಯನ್ನು ಎಷ್ಟು ದಿನ ಕಾಪಾಡಿ ಏನು ಪ್ರಯೋಜನ?

ಹಾಗಾದರೆ ಆ ನಂಬಿಕೆ ಯಾವುದು? ಮನುಷ್ಯನ ಆತ್ಮ ಹುಟ್ಟುವ ಮುಂಚೆಯೇ ದೇವರ ಬಳಿ ಇತ್ತು. ಇಲ್ಲಿ ಬಂದದ್ದು ಕಲಿಯಲಿಕ್ಕೆ. ಮಂದಿರದಲ್ಲಿ ವಿಧಿವತ್ತಾಗಿ ಬೆಸೆದ ಗಂಡ, ಹೆಂಡತಿ, ಮಕ್ಕಳ ಸಂಬಂಧ ಸಾವಿನಿಂದ ಮುರಿಯುವುದಿಲ್ಲ. ಮನೆಯವರನ್ನು ಬಿಟ್ಟು ಬಂದ ಹುಡುಗ ಕುಟುಂಬ ಶಾಶ್ವತವೆಂದು ಸಾರುತ್ತಾನೆ! ಈ ವಿಚಿತ್ರ ಅವನಿಗೂ ಹೊಳೆಯದೆ ಇರಲಾರದು. ದೇವರು ಈಗಲೂ ಪ್ರವಾದಿಗಳ ಮೂಲಕ ಮಾತನಾಡುತ್ತಾನೆಂಬುದು ಅವರ ಇನ್ನೊಂದು ಮುಖ್ಯ ತತ್ತ್ವ. ತ್ರಯೇಕತ್ವದ ವಿಷಯದಲ್ಲಿ ಅವರ ವಿಚಾರ ಬೇರೆಯಾದ್ದರಿಂದ ಉಳಿದ ಕ್ರೈಸ್ತ ಸಭೆಗಳಲ್ಲಿ ಅನೇಕವು ಅವರನ್ನು ತಮ್ಮವರೆಂದು ಒಪ್ಪುವುದಿಲ್ಲ. ಪಂಥದ ಚರಿತ್ರೆಯಲ್ಲಿ ಕಟು ಪ್ರಶ್ನೆಗಳಿಗೂ ಕೊರತೆಯಿಲ್ಲ. ಬಹುಪತ್ನಿತ್ವವನ್ನು ಕೈಬಿಡುವ ಘೋಷಣೆ ಹೊರಟದ್ದು 1890ರಲ್ಲಿ. ಆಫ್ರಿಕ ಮೂಲದ ಕರಿಯ ಪುರುಷರಿಗೆ ಪೌರೋಹಿತ್ಯ ತೆರೆದದ್ದು 1978ರಲ್ಲಿ. ಹೆಂಗಸರಿಗೆ ಅದು ಇಂದಿಗೂ ಇಲ್ಲ. ಶರಣರ ನಾಡಿನವರಾದ ನಮಗೆ ಇದು ತಡವಾಯಿತೆಂದು ಅನ್ನಿಸುವುದು ಸಹಜ. ಶರಣರ ಮಾತನ್ನು ನಾವು ಎಷ್ಟು ಪಾಲಿಸಿದ್ದೇವೆ ಎಂಬುದು ಬೇರೆ ವಿಷಯ. ಬಾಗಿಲಿಗೆ ಬಂದ ಹತ್ತೊಂಬತ್ತರ ಹುಡುಗನಿಗೆ ಈ ಪ್ರಶ್ನೆಗಳನ್ನು ಕೇಳುವವರು ಸಿಗುತ್ತಾರೆ. ಅವನು ಹುಟ್ಟುವ ಮೊದಲಿನ ಲೆಕ್ಕಗಳಿಗೆ ಅವನೇ ಉತ್ತರ ಕೊಡಬೇಕಾಗುತ್ತದೆ.

ಮತ್ತೆ ಬಾಗಿಲ ಮಾತಿಗೆ ಬರುತ್ತೇನೆ. ಈ ಎರಡು ವರ್ಷಗಳಲ್ಲಿ ಅವನು ಅತಿ ಹೆಚ್ಚು ಕೇಳುವ ಮಾತು 'ಬೇಡ' ಎಂಬುದು. ನಮ್ಮ ಸಂವಿಧಾನದ 25ನೆಯ ವಿಧಿ ತನ್ನ ಧರ್ಮವನ್ನು ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಕೊಟ್ಟಿದೆ. ಆದರೆ ಪ್ರಸಾರದ ಹಕ್ಕೆಂದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ತೀರ್ಪಿತ್ತಿದೆ. ಅಂದರೆ ಹೇಳುವ ಸ್ವಾತಂತ್ರ್ಯ ಅವನದು, ಒಪ್ಪುವ ಬಿಡುವ ಸ್ವಾತಂತ್ರ್ಯ ಕೇಳುವವನದು. ಈ ಗೆರೆಯನ್ನು ಇಬ್ಬರೂ ಕಾಯ್ದುಕೊಳ್ಳಬೇಕು. ಆಮಿಷ ಒಡ್ಡಿ ದೇವರನ್ನು ಮಾರುವವರನ್ನು ನಾನು ಸಮರ್ಥಿಸಲಾರೆ. ಆದರೆ ಕೈಯಲ್ಲಿ ಪುಸ್ತಕ ಬಿಟ್ಟರೆ ಬೇರೇನೂ ಇಲ್ಲದ ಹುಡುಗನನ್ನು ಕಂಡು ಕೈಯೆತ್ತುವವರನ್ನೂ ಸಮರ್ಥಿಸಲಾರೆ. 'ನಮಗ ನಮ್ಮ ಬಸವಣ್ಣ ಸಾಕಪಾ, ನೀನು ಊಟ ಮಾಡಿ ಹೋಗು' ಎಂದು ಹೇಳಬಲ್ಲ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ನಮ್ಮ ಹುಕ್ಕೇರಿ ತಾಲ್ಲೂಕಿನದೇ ಆದ ನಿಡಸೋಸಿಯ ದುರದುಂಡೀಶ್ವರ ಮಠದ ದಾಸೋಹದಲ್ಲಿ ಉಂಡವರಿಗೆ ಈ ಮಾತಿನ ರುಚಿ ಗೊತ್ತು.

'ಬೇಡ' ಎಂಬುದನ್ನು ಕೇಳಿದ ಪ್ರಚಾರಕರು ನಮ್ಮ ಸೀಮೆಗೆ ಹೊಸಬರಲ್ಲ. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದು ನೆಲೆಸಿದ್ದು 1820ರಲ್ಲಿ. ಹದಿನಾಲ್ಕರ ಬಾಲಕ ಜೋಸೆಫ್ ಸ್ಮಿತ್ ಅಮೆರಿಕದ ತೋಪಿನಲ್ಲಿ ತನಗೆ ದೈವದರ್ಶನವಾಯಿತೆಂದು ಹೇಳಿಕೊಂಡದ್ದೂ ಅದೇ ವರ್ಷದ ಸಂಗತಿ. ಟೇಲರನ ನಂತರ ವಿಲಿಯಂ ಬೆನನ್ ಬಂದ. ಲಂಡನ್ನಿನವರು ಎಂಬತ್ತಕ್ಕೂ ಹೆಚ್ಚು ವರ್ಷ ಇಲ್ಲಿ ಕೆಲಸ ಮಾಡಿ 1904ರಲ್ಲಿ ಮೆಥಡಿಸ್ಟರಿಗೆ ಒಪ್ಪಿಸಿ ಹೋದರು. ಬೆಳಗಾವಿಯಲ್ಲಿ ಜನ ಇಂದಿಗೂ ಬೆನನ್ನನ ಹೆಸರನ್ನು ಆಡುವುದು ಬೆನನ್ ಸ್ಮಿತ್ ಶಾಲೆಯಿಂದಾಗಿ. ಮಾರ್ಮನ್ನರೂ ಆ ಕಾಲದಲ್ಲೇ ಈ ದೇಶಕ್ಕೆ ಬಂದಿದ್ದರು. ಹ್ಯೂ ಫಿಂಡ್ಲೆ ಎಂಬ ಸ್ಕಾಟಿಷ್ ಪ್ರಚಾರಕ 1852ರಲ್ಲಿ ಮುಂಬಯಿಗೆ ಬಂದು ಪುಣೆಯಲ್ಲಿ ಚಿಕ್ಕದೊಂದು ಸಭೆ ಕಟ್ಟಿದ. ಬೆಳಗಾವಿಯೂ ಅಂದು ಅದೇ ಮುಂಬಯಿ ಪ್ರಾಂತದಲ್ಲಿತ್ತು. 1853ರ ಏಪ್ರಿಲಿನಲ್ಲಿ ಯೂಟಾದಿಂದ ಹೊರಟ ತಂಡವೊಂದು ಕಲ್ಕತ್ತೆಗೆ ಬಂದಿಳಿಯಿತು. ಜೇಬಿನಲ್ಲಿ ಹಣವಿಲ್ಲದೆ, ಕೇಳುವವರ ಮನೆಯ ಅನ್ನವನ್ನು ನಂಬಿ ಹೋಗಬೇಕೆಂಬುದು ಅಂದಿನ ಅವರ ಕಟ್ಟಳೆ, ನಮ್ಮ ಜಂಗಮರಂತೆಯೇ. ಆದರೆ ಭಾಷೆ ಬಾರದು, ಹವೆ ಒಗ್ಗದು, ದಂಡುಪ್ರದೇಶದ ಬಿಳಿಯರೂ ಹತ್ತಿರ ಸೇರಿಸಲಿಲ್ಲ. 1856ರ ಹೊತ್ತಿಗೆ ಆ ಪ್ರಯತ್ನ ಮುಗಿದುಹೋಯಿತು.

ಅದೇ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಇಪ್ಪತ್ತೊಂದು ವಯಸ್ಸಿನ ಒಬ್ಬ ಜರ್ಮನ್ ತರುಣ ಕನ್ನಡ ನಾಡಿಗೆ ಬಂದ. ಅವನೇ ಫರ್ಡಿನಾಂಡ್ ಕಿಟೆಲ್. ಅವನೂ ಊರೂರು ಅಲೆದ. ಅವನ ಮಾತನ್ನೂ ಬಹಳ ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಅವನು ಜನರ ಮಾತನ್ನು ಕಿವಿಗೆ ಹಾಕಿಕೊಂಡ. ನಾಲ್ಕು ದಶಕಗಳ ಮೇಲೆ, 1894ರಲ್ಲಿ, ಸುಮಾರು 70 ಸಾವಿರ ಶಬ್ದಗಳ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಮಾರ್ಮನ್ ಹುಡುಗರ ಎರಡು ವರ್ಷದ ಅವಧಿಯ ಬಗ್ಗೆ ನನ್ನ ತಕರಾರು ಇಲ್ಲಿಯೇ. ಆರು ವಾರಕ್ಕೊಮ್ಮೆ ಎತ್ತಂಗಡಿಯ ಭಯ, ಎರಡು ವರ್ಷಕ್ಕೆ ವಾಪಸು. ಹೇಳಬೇಕಾದ್ದನ್ನು ಬಾಯಿಪಾಠ ಮಾಡಲು ಇಷ್ಟು ಕಾಲ ಸಾಕು. ಎದುರಿಗಿದ್ದವನು ಏನು ಹೇಳುತ್ತಿದ್ದಾನೆಂದು ಕೇಳಿಸಿಕೊಳ್ಳಲು ಸಾಲದು. ಗೋಕಾಕದ ಕನ್ನಡಕ್ಕೂ ಮೈಸೂರಿನ ಕನ್ನಡಕ್ಕೂ ಇರುವ ಅಂತರ ತಿಳಿಯುವುದಕ್ಕೇ ಒಂದು ಮಳೆಗಾಲ ಬೇಕು. ಇತ್ತೀಚೆಗೆ ಇಲ್ಲಿ ಸೇವೆಗೆ ನಿಲ್ಲುವವರಲ್ಲಿ ನಮ್ಮ ದೇಶದ ತರುಣರೇ ಹೆಚ್ಚು ಎಂಬುದರಿಂದ ಈ ಕೊರತೆ ಎಷ್ಟೋ ಕಡಿಮೆಯಾಗಿದೆ, ನಿಜ.

ಎಲ್ಲರೂ ಅವಧಿ ಮುಗಿಸುತ್ತಾರೆಂದು ತಿಳಿಯಬೇಡಿ. ಕೆಲವರು ನಡುವೆಯೇ ಮರಳುತ್ತಾರೆ. ಕಾಯಿಲೆ, ನಿದ್ದೆ ಬಾರದ ರಾತ್ರಿಗಳು, ಮನಸ್ಸಿನ ಕುಸಿತ. ಕೆಲವರಿಗೆ ನಂಬಿಕೆಯೇ ಸಡಿಲಾಗುವುದು. ಹೋಗುವಾಗ ಇಡೀ ಸಭೆ ಹರಸಿ ಕಳಿಸಿರುತ್ತದೆ. ಎಂಟು ತಿಂಗಳಿಗೇ ಮರಳಿದವನನ್ನು ನೆರೆಯವರು 'ಯಾಕೆ ಬಂದೆ?' ಎಂದು ಕೇಳುತ್ತಾರೆ. ಬಾಯಿಂದ ಕೇಳದಿದ್ದರೆ ಕಣ್ಣಿನಿಂದ ಕೇಳುತ್ತಾರೆ. ಅವರ ಸಮಾಜದಲ್ಲಿ ಇದು ಬಚ್ಚಿಟ್ಟ ನೋವಾಗಿತ್ತು. ಈಚಿನ ವರ್ಷಗಳಲ್ಲಿ ಅವರೇ ಇದನ್ನು ಬಾಯಿಬಿಟ್ಟು ಮಾತನಾಡತೊಡಗಿದ್ದಾರೆ. ನಮ್ಮಲ್ಲಿ ಮಠ ಬಿಟ್ಟು ಬಂದ ಮರಿಯ ಗತಿ ಇದಕ್ಕಿಂತ ಸುಖದ್ದಲ್ಲ. ಅವನ ತಾಯಿ ನೀರಿಗೆ ಹೋದಲ್ಲಿ, ಹಿಟ್ಟಿನ ಗಿರಣಿಗೆ ಹೋದಲ್ಲಿ ಉತ್ತರ ಕೊಡಬೇಕು. ದೇವರಿಗೆ ಬಿಟ್ಟವನು ಮನೆಗೆ ಬಂದನೆಂದು ಮನೆಯವರೇ ಮುಖ ತಿರುಗಿಸಿದ ಉದಾಹರಣೆಗಳನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಹದಿನೆಂಟಕ್ಕೆ ಮಾಡಿದ ಸಂಕಲ್ಪ ಹತ್ತೊಂಬತ್ತಕ್ಕೆ ಭಾರವಾದರೆ ಅದನ್ನು ಇಳಿಸಿಡಲು ಒಂದು ಕಟ್ಟೆ ಬೇಕು. ಅಂಥ ಕಟ್ಟೆಯನ್ನು ಕಟ್ಟದ ಮಠವಾಗಲಿ, ಚರ್ಚಾಗಲಿ, ಎಳೆಯರನ್ನು ಕೇಳುವಾಗ ಸ್ವಲ್ಪ ಸಂಕೋಚಪಡಬೇಕು.

ಅವಧಿ ಮುಗಿಸಿದವನು ಊರಿಗೆ ಬಂದ ದಿನ ಸ್ಥಳೀಯ ಮುಖ್ಯರನ್ನು ಕಾಣುತ್ತಾನೆ. ಅವರು ಅವನನ್ನು ಸೇವೆಯಿಂದ ಬಿಡುಗಡೆ ಮಾಡುತ್ತಾರೆ. ಎದೆಯ ಮೇಲಿನ ಕಪ್ಪು ಪಟ್ಟಿ ಕೆಳಗಿಳಿಯುತ್ತದೆ. 'ಎಲ್ಡರ್' ಹೋಗಿ ತಾಯಿ ಇಟ್ಟ ಹೆಸರು ಮರಳಿ ಬರುತ್ತದೆ. ಅಂದು ರಾತ್ರಿ ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ಅವನು ಕೋಣೆಯಲ್ಲಿ ಒಬ್ಬನೇ ಮಲಗುತ್ತಾನೆ. ಮರುದಿನ ಆರೂವರೆಗೆ ತಾನಾಗಿ ಎಚ್ಚರವಾಗುತ್ತದೆ. ಎದ್ದು ಎಲ್ಲಿಗೆ ಹೋಗಬೇಕೆಂದು ಹೇಳುವ ವೇಳಾಪಟ್ಟಿ ಮಾತ್ರ ಇರುವುದಿಲ್ಲ.